ಕರಿಹೊಳೆಯ ಮೊದಲ ಕಂಬ

ಬಹಳ ಕಾಲದ ಹಿಂದೆ, ಏಳು ಗುಡ್ಡಗಳ ಆಚೆ, ಎಲ್ಲರೂ ಆಕಳಿಸುತ್ತಲೇ ಬದುಕುವ ಒಂದು ರಾಜ್ಯವಿತ್ತು. ಹಾಲು ಕರೆಯುವವಳು ಆಕಳಿಸುತ್ತಿದ್ದಳು, ಕೋಟೆಯ ಕಾವಲುಗಾರ ಆಕಳಿಸುತ್ತಿದ್ದ, ಸಿಂಹಾಸನದ ಮೇಲೆ ರಾಜ ಧವಳಕೇತುವೂ ಆಕಳಿಸುತ್ತಿದ್ದ. ಇದಕ್ಕೆಲ್ಲ ಕಾರಣ ಒಂದು ಸೇತುವೆ.

ಆ ರಾಜ್ಯವನ್ನು ಕರಿಹೊಳೆ ಎರಡು ಪಾಲು ಮಾಡಿತ್ತು. ದೋಣಿ ಇಳಿಸಿದರೆ ಮುಗಿಯಿತು, ಸೆಳವು ಅಂಥದ್ದು. ಪ್ರತಿ ವರ್ಷ ರಾಜನ ಪಟ್ಟಾಭಿಷೇಕದ ದಿನ ಹೊಸ ಸೇತುವೆಯ ಉದ್ಘಾಟನೆ ಆಗಲೇಬೇಕು ಎಂಬುದು ಅಲ್ಲಿಯ ಪದ್ಧತಿ. ಹಳೆಯ ಸೇತುವೆಯ ಮೇಲೆ ಅರಸ ಕಾಲಿಟ್ಟರೆ ಮರ್ಯಾದೆಗೆ ಕಡಿಮೆಯಂತೆ! ಬೂದಿಸಿದ್ಧನೆಂಬ ಮಾಂತ್ರಿಕ ಒಂದು ಹಿಡಿ ಬೂದಿ ಎರಚಿದರೆ ಕಣ್ಣು ಮಿಟುಕಿಸುವುದರೊಳಗೆ ಸೇತುವೆ ಎದ್ದು ನಿಲ್ಲುತ್ತಿತ್ತು. ರಾಜ ಅದರ ಮೇಲೆ ತನ್ನ ಹೆಸರು ಕೆತ್ತಿಸಿ, ಊರಿಗೆಲ್ಲ ಹೋಳಿಗೆ ಊಟ ಹಾಕಿಸಿ ಅರಮನೆಗೆ ಮರಳುತ್ತಿದ್ದ. ಮಳೆಗಾಲದ ಮೊದಲ ನೆರೆಗೆ ಸೇತುವೆ ಕರಗಿಹೋಗುತ್ತಿತ್ತು. ಸಿದ್ಧ ಕೂಲಿಯೆಂದು ಕೇಳುತ್ತಿದ್ದದ್ದು ಜನರ ನಿದ್ದೆಯನ್ನು. ಮೊದಮೊದಲು ಮನೆಗೆ ಒಂದು ರಾತ್ರಿಯ ನಿದ್ದೆ ಸಾಕಾಗುತ್ತಿತ್ತು. ಬರಬರುತ್ತಾ ಕೂಲಿ ಏರಿ, ಈಗ ಜನರ ಪಾಲಿಗೆ ಉಳಿದದ್ದು ಕೋಳಿನಿದ್ದೆ ಮಾತ್ರ.

ಈಚೆ ದಡದಲ್ಲಿ ದುರುಗವ್ವ ಎಂಬ ಕಲ್ಲುಕುಟಿಗರ ಹೆಂಗಸಿದ್ದಳು. ಒಬ್ಬಳೇ ಮಗಳು ಹಾಲವ್ವನನ್ನು ಆಚೆ ದಡಕ್ಕೆ ಕೊಟ್ಟಿದ್ದಳು. ಹೋದ ಮಳೆಗಾಲದಲ್ಲಿ ಹಾಲವ್ವ ಹೆರಿಗೆಗೆಂದು ತವರಿಗೆ ಹೊರಟು ದಡ ಮುಟ್ಟುವ ಹೊತ್ತಿಗೆ ಸೇತುವೆ ಇರಲಿಲ್ಲ. ಅಲ್ಲೇ ಮರದಡಿಯಲ್ಲಿ ಹೆರಿಗೆಯಾಯಿತು, ಮಗು ಉಳಿಯಲಿಲ್ಲ. ದುರುಗವ್ವ ಈಚೆ ನಿಂತು ನೋಡಿದಳು. ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಈಗ ಹಾಲವ್ವ ಮತ್ತೆ ಬಸುರಿ.

ದುರುಗವ್ವ ಕಾಲೆಳೆದುಕೊಂಡು ಅರಮನೆಗೆ ಹೋದಳು.

"ಮಹಾಸ್ವಾಮಿ, ಕಲ್ಲಿನ ಸೇತುವೆ ಕಟ್ಟೋಣ. ಏಳು ವರ್ಷ ಹಿಡಿಯುತ್ತದೆ. ಸಿದ್ಧನಿಗೆ ಕೊಡುವ ನಿದ್ದೆಯಲ್ಲಿ ಕಾಲುಭಾಗದಷ್ಟು ಹೊತ್ತು ಮನೆಗೊಬ್ಬರು ದುಡಿದರೆ ಸಾಕು."

"ಏಳು ವರ್ಷಕ್ಕೆ ನಾನು ಇರುತ್ತೇನೋ ಇಲ್ಲವೋ. ನನ್ನ ಹೆಸರು ಎಲ್ಲಿ ಕೆತ್ತಿಸಲಿ?" ಎಂದ ರಾಜ.

"ಕೆತ್ತಿಸಬೇಡಿ."

ರಾಜ ಒಮ್ಮೆ ಆಕಳಿಸಿ, "ಮೊದಲು ಒಂದು ಕಂಬ ನಿಲ್ಲಿಸಿ ತೋರಿಸು, ಆಮೇಲೆ ನೋಡೋಣ" ಅಂದ. ದೊಡ್ಡವರ 'ನೋಡೋಣ' ಎಂದರೆ ಏನೆಂದು ದುರುಗವ್ವನಿಗೆ ಗೊತ್ತಿತ್ತು. ಆದರೂ ಹೊರಟಳು.

ಕಲ್ಲುಗುಡ್ಡವನ್ನು ಸಿಂಹದ ಮುಖದ ಹಂದಿಯೊಂದು ಕಾಯುತ್ತಿತ್ತು. "ಸೇತುವೆ ಯಾವಾಗ ಮುಗಿಯಬೇಕು?" ಎಂದು ಅದು ಗುಡುಗಿತು.

"ಮುಗಿದಾಗ ಮುಗಿಯಲಿ. ಬಿರುಕಿಲ್ಲದ ಕಲ್ಲು ಎಲ್ಲಿದೆ, ತೋರಿಸು."

ಹಂದಿ ದಾರಿ ಬಿಟ್ಟಿತು. "ನಾಳೆ ಎಂದವರನ್ನೆಲ್ಲ ತಿಂದು ತಿಂದು ನನ್ನ ಹೊಟ್ಟೆ ಕೆಟ್ಟಿದೆ ತಾಯಿ" ಎಂದು ನಿಟ್ಟುಸಿರು ಬಿಟ್ಟಿತು.

ಹೊಳೆಯಲ್ಲಿ ಮುನ್ನೂರು ವರ್ಷದ ಮೊಸಳೆಯಿತ್ತು. ಕಂಬ ಎಷ್ಟೆತ್ತರ ಇರಬೇಕೆಂದು ಹೇಳಬಲ್ಲದ್ದು ಅದೊಂದೇ. ದಡದ ಮಡುವಿನಲ್ಲಿ ಮೂರು ದಿನ ಕುತ್ತಿಗೆಮಟ್ಟ ನಿಂತರೆ ಹೇಳುತ್ತೇನೆ ಎಂದಿತು. ದುರುಗವ್ವ ನಿಂತಳು. ಮೂರನೆಯ ದಿನ ಮೊಸಳೆ ಬಾಯಿಬಿಟ್ಟಿತು.

"ನಮ್ಮಜ್ಜಿಯ ಕಾಲದ ನೆರೆ ಆ ಬಂಡೆಯ ನೆತ್ತಿ ಮುಟ್ಟಿತ್ತು. ಅದು ಬಂದು ಹೋದ ನೆರೆ. ಇನ್ನು ಬರುವುದು ನನಗೂ ಗೊತ್ತಿಲ್ಲ. ಇನ್ನೊಂದು ಮಾತು. ನಿಜವಾದ ಕಂಬ ಹೊಳೆಯಲ್ಲಿ ಇರುವ ತನಕ ಸಿದ್ಧನ ಸೇತುವೆ ಏಳುವುದಿಲ್ಲ. ಆ ಕಂಬ ಒಂದು ನೆರೆ ದಾಟಿತೋ, ಅವನ ಕತೆ ಮುಗಿಯಿತು."

ದುರುಗವ್ವ ಬಂಡೆಯ ನೆತ್ತಿಗಿಂತ ಮೂರು ಮೊಳ ಹೆಚ್ಚಿಗೆ ಲೆಕ್ಕ ಹಿಡಿದಳು. ಓಣಿಯ ಹದಿನೆಂಟು ಮಂದಿ ತೂಕಡಿಸುತ್ತಲೇ ಕಲ್ಲು ಹೊತ್ತರು, ಗಾರೆ ಅರೆದರು. ಕಂಬ ಎದ್ದಿತು.

ಪಟ್ಟಾಭಿಷೇಕದ ದಿನ ಸಿದ್ಧ ಬೂದಿ ಎರಚಿದ. ಏನೂ ಏಳಲಿಲ್ಲ. ಹೋಳಿಗೆ ತಪ್ಪಿತೆಂದು ಜನ ದುರುಗವ್ವನಿಗೆ ಹಿಡಿಶಾಪ ಹಾಕಿದರು. ಸಿದ್ಧ ಮಾತ್ರ ನಗುತ್ತಾ ಒಂದು ಮಡಕೆ ಹಿಡಿದು ಅವಳ ಬಳಿ ಬಂದ.

"ಕಂಬ ಕೆಡವು ತಾಯಿ. ಸಂಜೆಯೊಳಗೆ ಸೇತುವೆ ಎಬ್ಬಿಸುತ್ತೇನೆ. ಮಳೆಗೆ ಮೊದಲು ನಿನ್ನ ಮಗಳು ತವರಿಗೆ ಬರುತ್ತಾಳೆ. ನಿನ್ನ ಐವತ್ತು ವರ್ಷದ ನಿದ್ದೆಯೂ ಇದರಲ್ಲಿದೆ, ತಗೋ."

ಮಡಕೆಯ ಬಾಯಿಯಿಂದ ಬೆಚ್ಚನೆಯ ಕೌದಿಯ ವಾಸನೆ ಬಂತು. ದುರುಗವ್ವನಿಗೆ ಕಣ್ಣೆಳೆಯಿತು, ಕೈ ಸುತ್ತಿಗೆ ಎತ್ತಿತು. ಅವಳು ಸೋತುಹೋಗಿದ್ದಳು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಆಚೆ ದಡದಲ್ಲಿ ತುಂಬುಬಸುರಿ ಹಾಲವ್ವ ನಿಂತಿದ್ದಳು.

"ಅವ್ವಾ, ಕೆಡವಬೇಡ," ಎಂದು ಅವಳು ಕೂಗಿದಳು. "ಸೂಲಗಿತ್ತಿಯನ್ನು ಈಗಲೇ ಮನೆಗೆ ಕರೆಸಿ ಇಟ್ಟುಕೊಂಡಿದ್ದೇನೆ. ಈ ಸಲ ನಾನು ಬರುವುದಿಲ್ಲ."

ದುರುಗವ್ವ ಸುತ್ತಿಗೆಯನ್ನು ಹೊಳೆಗೆ ಎಸೆದು, ಕುಸಿದು ಕೂತಳು.

ಮಳೆ ಹಿಡಿಯಿತು. ಮೊಸಳೆಯೂ ಕಂಡಿರದಂಥ ನೆರೆ ಬಂತು. ನೀರು ಬಂಡೆಯ ನೆತ್ತಿ ಮುಳುಗಿಸಿತು, ಅದರ ಮೇಲೆ ಒಂದು ಮೊಳ ಏರಿತು, ಎರಡು ಮೊಳ ಏರಿತು. ಮೂರನೆಯ ಮೊಳ ಒಣಗಿಯೇ ಉಳಿಯಿತು. ನೆರೆ ಇಳಿದಾಗ ಕಂಬ ಇದ್ದಲ್ಲೇ ಇತ್ತು, ಸಿದ್ಧ ಬೂದಿಯಾಗಿದ್ದ. ಅವನ ಮಡಕೆಗಳು ಒಡೆದು ನಿದ್ದೆಗಳೆಲ್ಲ ತಮ್ಮ ತಮ್ಮ ಮನೆ ಹುಡುಕಿಕೊಂಡು ಹೋದವು. ರಾಜ್ಯವೇ ಒಂಬತ್ತು ದಿನ ಗೊರಕೆ ಹೊಡೆಯಿತು.

ಎದ್ದಾಗ ಜನರ ತಲೆ ತಿಳಿಯಾಗಿತ್ತು. ಮನೆಗೊಬ್ಬರಂತೆ ಕಲ್ಲು ಹೊರಲು ಬಂದರು. ರಾಜ ಹಳೆಯ ಪದ್ಧತಿಯನ್ನು ತೆಗೆದುಹಾಕಿ ತಾನೂ ಒಂದು ಬುಟ್ಟಿ ಗಾರೆ ಹೊತ್ತ. ದುರುಗವ್ವ ಮಾತ್ರ ತನ್ನ ನಿದ್ದೆಗೆ, "ಇನ್ನೂ ಕೆಲಸವಿದೆ, ತಾಳು" ಎಂದು ಹೇಳಿ ದೂರ ಕೂರಿಸಿದಳು. ಆಚೆ ದಡದಿಂದ ಹಾಲವ್ವ ಬಟ್ಟೆಯ ಗಂಟೊಂದನ್ನು ಎತ್ತಿ ತೋರಿಸಿ, "ಹೆಣ್ಣುಮಗು" ಎಂದು ಕೂಗಿದಳು. ಅಷ್ಟು ದೂರಕ್ಕೆ ಮುಖ ಕಾಣಲಿಲ್ಲ.

ಐದನೆಯ ವರ್ಷ ರಾಜ ತೀರಿಕೊಂಡ. ಏಳನೆಯ ವರ್ಷ ಸೇತುವೆ ಮುಗಿಯಿತು, ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಅಂದಿನಿಂದ ಆ ನಾಡಿನಲ್ಲಿ ಮಳೆಗಾಲದಲ್ಲೂ ಮದುವೆಗಳು ನಡೆದವು, ಜನ ಹೊಟ್ಟೆತುಂಬ ಉಂಡು ಕಣ್ತುಂಬ ಮಲಗಿದರು.

ಸೇತುವೆ ಮುಗಿದ ದಿನವೇ ಹಾಲವ್ವ ಏಳು ವರ್ಷದ ಮಗಳ ಕೈಹಿಡಿದು ಅದನ್ನು ದಾಟಿ ಬಂದಳು. ಕಲ್ಲಿಗೆ ಒರಗಿ ದುರುಗವ್ವ ನಿದ್ದೆಹೋಗಿದ್ದಳು, ಬಾಯಿ ತುಸು ತೆರೆದಿತ್ತು.

"ಅಜ್ಜಿಯನ್ನು ಎಬ್ಬಿಸಲಾ?" ಎಂದಿತು ಮಗು.

"ಬೇಡ, ಮಲಗಲಿ."

"ಮೋಡ ಆಗಿದೆ ಅವ್ವಾ. ಹೊಳೆ ಬರುವುದರೊಳಗೆ ವಾಪಸು ಹೋಗಬೇಕಲ್ಲ?"

"ಬರಲಿ ಬಿಡು" ಎಂದಳು ಹಾಲವ್ವ. ಇಬ್ಬರೂ ಅಜ್ಜಿಯ ಪಕ್ಕದಲ್ಲಿ ಕೂತರು.