ವಿರುದ್ಧ ಪಕ್ಷದ ಟ್ರೆಂಟ್

ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಮುಂದೆ ಕೆಂಡ್ರಾ ಹೋಫರ್ ಮೇಜು ಹಾಕಿ ಕೂತ ಮೂರನೇ ದಿನಕ್ಕೆ, ಪಕ್ಕದಲ್ಲೇ ಒಬ್ಬ ಎತ್ತರದ ಗಂಡಸು ಬಂದು ನಿಂತ. ಕೈಯಲ್ಲಿ ಬೋರ್ಡು: 'ಸಹಿ ಹಾಕಬೇಡಿ.'

"ಇಡೀ ಸೌತ್ ಡಕೋಟಾದಲ್ಲಿ ನಿಮಗೆ ಬೇರೆ ಜಾಗ ಸಿಗಲಿಲ್ವಾ?" ಎಂದಳು.

"ಇಲ್ಲಿ ನೋಟ ಚೆನ್ನಾಗಿದೆ" ಎಂದ ಅವನು, ಅವಳನ್ನಲ್ಲ, ಪಾರ್ಕಿಂಗ್ ಜಾಗವನ್ನು ನೋಡುತ್ತ. ಕಿವಿ ಮಾತ್ರ ಕೆಂಪಾಗಿತ್ತು.

ಹೆಸರು ಟ್ರೆಂಟ್ ಬ್ರೂಗ್‌ಮನ್. ಹಸು ಸಾಕುವವನು, ತೆರಿಗೆ ಅಂದರೆ ಉರಿದು ಬೀಳುವವನು. ಕೆಂಡ್ರಾ ಶಾಲೆಯ ಅಡುಗೆಮನೆಯವಳು. ದುಡ್ಡು ಕಟ್ಟದ ಮಕ್ಕಳ ಮುಂದಿನ ತುಂಬಿದ ತಟ್ಟೆಯನ್ನು ತನ್ನ ಕೈಯಾರೆ ಎತ್ತಿದ್ದಳು. ಇನ್ನು ಎತ್ತಲಾರೆ ಎಂದೇ, ಎಲ್ಲ ಮಕ್ಕಳಿಗೂ ಉಚಿತ ಊಟದ ಪ್ರಸ್ತಾವವನ್ನು ನವೆಂಬರಿನ ಚುನಾವಣೆಯಲ್ಲಿ ಜನರ ಮತಕ್ಕೆ ತರಲು ಸಹಿ ಸಂಗ್ರಹಿಸುತ್ತಿದ್ದಳು.

ದಿನವಿಡೀ ಜಗಳ. ಆದರೂ ಮಧ್ಯಾಹ್ನ ಅವನ ಪಿಕಪ್ ಟ್ರಕ್ಕು ಹೇಗೋ ಅವಳ ಮೇಜಿಗೆ ನೆರಳು ಬೀಳುವಂತೆಯೇ ನಿಂತಿರುತ್ತಿತ್ತು.

ಸಹಿಗಳನ್ನು ಒಪ್ಪಿಸುವ ಕೊನೆಯ ದಿನದ ಮುನ್ನಾ ದಿನ, ಅಂಗಡಿಯಿಂದ ಹೊರಬಂದ ಮುದುಕಿಯೊಬ್ಬಳು ಜಾರಿ ಬಿದ್ದಳು. ಕೆಂಡ್ರಾ ಓಡಿದಳು. ಎಬ್ಬಿಸಿ, ಕಾರು ಹತ್ತಿಸಿ ವಾಪಸ್ಸು ಬರುವಷ್ಟರಲ್ಲಿ ಹಾಳೆ ತುಂಬ ಸಹಿ, ಹಾಕಿದವರು ಹೊರಟುಹೋಗಿದ್ದರು.

ಪ್ರತಿ ಸಹಿಯನ್ನೂ ಕಣ್ಣಾರೆ ಕಂಡೆ ಎಂದು ಸಂಗ್ರಹಿಸಿದವರು ಪ್ರಮಾಣ ಮಾಡಬೇಕು. ರಾಜ್ಯದ ನಿಯಮ.

ಟ್ರೆಂಟ್ ಗಂಟಲು ಸರಿಮಾಡಿಕೊಂಡ. "ನಾನೇನೂ ನೋಡಿಲ್ಲ ಕಣ್ರೀ, ಯಾರಿಗೂ ಹೇಳಲ್ಲ."

"ನಾನೂ ನೋಡಿಲ್ಲ. ಅದೇ ತೊಂದರೆ."

ಅವಳು ಪೆನ್ನು ತೆಗೆದು ಒಂದೊಂದಾಗಿ ಹೊಡೆದುಹಾಕಿದಳು. ಆ ಹೆಸರುಗಳನ್ನೆಲ್ಲ ಅವನು ಬಗ್ಗಿ ಓದಿಕೊಂಡ. ಬೋರ್ಡನ್ನು ಗೋಡೆಗೆ ಒರಗಿಸಿ, ಟ್ರಕ್ಕು ಹತ್ತಿ ಹೋಗಿಬಿಟ್ಟ.

ಗೆದ್ದೆ ಅಂತ ಹೊರಟನೇನೋ ಅಂದುಕೊಂಡಳು. ಯಾಕೋ ಸಂಕಟವಾಯಿತು.

ಇಳಿಹೊತ್ತಿಗೆ, ಸಹಿ ಹಾಕಿ ಹೋಗಿದ್ದ ಜನ ಒಬ್ಬೊಬ್ಬರೇ ಮರಳತೊಡಗಿದರು. "ಹಾಲು ಕರೀತಾ ಕೂತಿದ್ದೋನನ್ನ ಎಬ್ಬಿಸಿ ಕಳಿಸಿದಾನಮ್ಮ ನಿನ್ನ ಟ್ರೆಂಟು" ಎಂದು ಒಬ್ಬ ಗೊಣಗಿದ. "ನಿನ್ನ ಕಣ್ಣೆದುರೇ ಹಾಕಬೇಕಂತೆ. ಎಲ್ಲಿ, ಕೊಡು ಪೆನ್ನು."

ಕೊನೆಗೆ ಟ್ರಕ್ಕು ಬಂತು.

"ಯಾಕ್ರೀ ಹೀಗೆ ಮಾಡಿದ್ರಿ?"

"ಸಹಿ ಸಾಲದೆ ನಿಮ್ಮ ಪ್ರಸ್ತಾವ ಇಲ್ಲೇ ಬಿದ್ದುಹೋದ್ರೆ," ಅವನು ಟೋಪಿ ತೆಗೆದು ಅದರ ಅಂಚು ತಿರುವಿದ, "ನವೆಂಬರ್‌ವರೆಗೂ ನಿಮ್ಮ ಜೊತೆ ಜಗಳ ಆಡೋಕೆ ನನಗೇನಿದೆ ನೆಪ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನೀವೂ ಒಂದು ಸಹಿ ಹಾಕಿ."

"ಸತ್ತರೂ ಇಲ್ಲ."

"ಊಟಕ್ಕಾದರೂ ಬರ್ತೀಯಾ?"

'ಬರ್ತೀಯಾ' ಅಂದದ್ದನ್ನು ಇಬ್ಬರೂ ಕೇಳಿಸಿಕೊಂಡರು.

"ಬರ್ತೀನಿ, ಕೆಂಡ್ರಾ."

ನವೆಂಬರಿನಲ್ಲಿ ಮಕ್ಕಳ ಊಟ ಸ್ವಲ್ಪವೇ ಮತಗಳಿಂದ ಗೆದ್ದಿತು. ಟ್ರೆಂಟ್ ವಿರುದ್ಧವೇ ಓಟು ಹಾಕಿದ್ದ. ಮದುವೆಯ ದಿನ ನೆಂಟರೆದುರು ಕೆಂಡ್ರಾ ಅದನ್ನೇ ಹೇಳಿ ನಗಿಸಿದಳು. ಅವನು ಮಾತ್ರ, "ಈಗಲೂ ಹಾಗೇ ಹಾಕ್ತೀನಿ" ಎಂದು ಅವಳ ಕೈ ಹಿಡಿದುಕೊಂಡ.