ಅಕ್ಕಿ ತೊಳೆದ ನೀರು, ಸೋಯಾ ಹಾಲು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಅಂಗಡಿಯ ಬಣ್ಣವೆಲ್ಲ ಡಬ್ಬದಲ್ಲೇ ಕಲ್ಲಾಗಲಿ. ನಮ್ಮ ಕೀಲುಂಗ್ ಊರಿನ ಮಳೆಗೆ ಬಣ್ಣ ಒಣಗುವುದೇ ಇಲ್ಲ. ಬಂದರಿನ ಹತ್ತಿರ ಒಂದು ಗೋಡೆ ಒಣಗುವಷ್ಟರಲ್ಲಿ ಆ ಮನೆಯ ಕೂಸು ಕಾಲೇಜು ಮುಗಿಸಿತ್ತು.

ಅದಿರಲಿ. ಆವತ್ತು ಪೇಂಟರ್ ಆ-ಕೋಕ್ ಸೋತ ಮುಖ ಹೊತ್ತು ನನ್ನ ಅಂಗಡಿಯಲ್ಲಿ ಕೂತಿದ್ದ. ಮರುದಿನದಿಂದ ಭೂತಗಳ ತಿಂಗಳು. ಸತ್ತವರು ಊರೆಲ್ಲ ಓಡಾಡುವ ಆ ತಿಂಗಳು ಯಾರೂ ಮನೆಗೆ ಬಣ್ಣ ಹಚ್ಚಿಸುವುದಿಲ್ಲ, ಮದುವೆ ಮಾತೂ ಎತ್ತುವುದಿಲ್ಲ. ಅವನು ಸಂಜೆಯ ರೈಲಿಗೆ ದೂರದ ಕಾವ್‌ಶುಂಗ್‌ಗೆ, ಹಡಗಿಗೆ ಬಣ್ಣ ಬಳಿಯುವ ಕೆಲಸಕ್ಕೆ ಹೊರಟಿದ್ದ. ಹೋದರೆ ಮತ್ತೆ ಬರುವವನಲ್ಲ.

ಅವನ ಸಂಕಟದ ಹೆಸರು ಪಿಕ್-ಹಾ. ಬಂದರಿನಲ್ಲಿ ಮೀನಿನ ಉಂಡೆಯ ಸಾರು ಮಾರುವವಳು, ಹೊಸದಾಗಿ ಮನೆ ಕೊಂಡಿದ್ದಳು. ಮಲಗುವ ಕೋಣೆಗೆ ‘ಅಕ್ಕಿ ತೊಳೆದ ನೀರು’ ಬಣ್ಣವೋ, ‘ಸೋಯಾ ಹಾಲು’ ಬಣ್ಣವೋ? ಆ-ಕೋಕ್ ಎರಡನ್ನೂ ಪಕ್ಕಪಕ್ಕದಲ್ಲಿ ಬಳಿದು ತೋರಿಸಿದ. ಅವಳು ತಲೆ ಓರೆ ಮಾಡಿ ಗೋಡೆ ನೋಡಿದಳು. ಅವನು ಅವಳ ಕಿವಿಯ ಹಿಂದಿನ ಕೂದಲು ನೋಡಿದ. ನಾಳೆ ಬೆಳಕಿನಲ್ಲಿ ಇನ್ನೊಮ್ಮೆ ನೋಡೋಣ ಅಂದಳು. ಹೀಗೇ ಇಡೀ ಬೇಸಿಗೆ ಕಳೆಯಿತು. ಬಳಿದದ್ದರ ಮೇಲೆ ಬಳಿದು ಬಳಿದು ಕೋಣೆಯೇ ಒಂದು ಮೊಳ ಚಿಕ್ಕದಾಗಿ, ಮಂಚ ಹೊರಗಿಡಬೇಕಾಯಿತು. ಮೊದಲೇ ಆಣೆ ಇಟ್ಟಿದ್ದೇನಲ್ಲವೇ.

“ನಾ ಏನ್ ಮಾಡ್ಲಣ್ಣ,” ಅಂದ ಆ-ಕೋಕ್. “ಅವ್ಳ ಮುಂದೆ ಬಾಯಿ ತೆಗೆದ್ರೆ, ಎಡಗಡೇದು ಸ್ವಲ್ಪ ಬೆಚ್ಚಗಿದೆ ಅಂತಾನೇ ಬರುತ್ತೆ. ಬೇರೇದು ಬರಲ್ಲ.”

ಒಂದು ಗುಟ್ಟನ್ನು ಯಾರಿಗೂ ಹೇಳಬಾರದೆಂದು ಪಿಕ್-ಹಾ ನನ್ನಿಂದ ಮಾತು ತೆಗೆದುಕೊಂಡಿದ್ದಳು. ನಾನು ಅವನಿಗೆ ಟೀ ಬಗ್ಗಿಸುತ್ತ ಶುರುಮಾಡಿದೆ.

“ಲೋ, ಆ ಎರಡು ಡಬ್ಬದಲ್ಲೂ ಇರೋದು ಒಂದೇ ಬಣ್ಣ ಕಣೋ.”

ಲೋಟ ಅವನ ತುಟಿಯ ಹತ್ತಿರವೇ ನಿಂತಿತು.

“ಅವ್ಳೇ ಹೇಳಿ ಹಾಕಿಸಿದ್ದು. ‘ಕಣ್ಣಿರೋ ಪೇಂಟರ್ ಅಲ್ವಾ ಅಣ್ಣ, ಕಂಡುಹಿಡೀತಾನೆ, ನಗ್ತಾನೆ, ಆಮೇಲೆ ಹೆಂಗೋ ಮಾತಿಗೆ ಮಾತು ಬೆಳೆಯುತ್ತೆ’ ಅಂದಿದ್ಲು. ನೀನು ನೋಡಿದ್ರೆ ದಿನಕ್ಕೊಂದು ವ್ಯತ್ಯಾಸ ಹುಡುಕ್ದೆ. ನಿಜವಾಗ್ಲೂ ಕಾಣ್ಲಿಲ್ವೇನೋ?”

“ಕಂಡಿತ್ತು,” ಅಂದ, ನೆಲ ನೋಡುತ್ತ. “ಎರಡೂ ಒಂದೇ ಅಂದ್ಬಿಟ್ರೆ ಕೆಲ್ಸ ಮುಗಿಯುತ್ತಲ್ಲಣ್ಣ.”

ನಾನು ಎಷ್ಟೋ ಸುಳ್ಳು ಕಟ್ಟಿದ್ದೇನೆ. ಇಷ್ಟು ಚೆಂದದ್ದು ನನಗೆ ಹೊಳೆದಿರಲಿಲ್ಲ.

“ಬೆಳಿಗ್ಗೆ ಬಂದಿದ್ಲು,” ಅಂದೆ. “ಇವತ್ತೂ ಅವ್ನು ಬಾಯಿ ಬಿಡದಿದ್ರೆ ಗೋಡೆ ನಾನೇ ಬಳ್ಕೋತೀನಿ ಅಂದು ಕಣ್ಣು ಒರೆಸ್ಕೊಂಡ್ಲು. ಆ ಕಣ್ಣೀರಿಗೆ ಅಂಗಡೀಲಿ ಮೊಣಕಾಲುದ್ದ ನೀರು ನಿಂತು, ಡಬ್ಬಗಳೆಲ್ಲ ತೇಲ್ಕೊಂಡು ಬಂದರಿನ ಕಡೆ ಹೊರಟ್ವು. ನಾನು ಒಂದು ದೋಣಿ ಹತ್ತಿ ಹಿಂದೇನೇ—”

ನನ್ನ ಮಾತು ಮುಗಿಯುವ ಮೊದಲೇ ಅವನು ಅಂಗಡಿಯಿಂದ ಇಳಿದಿದ್ದ. ಸ್ಟೇಷನ್ನು ಎಡಕ್ಕೆ. ಅವನು ಬಲಕ್ಕೆ ತಿರುಗಿ, ಪಿಕ್-ಹಾಳ ಮನೆಯ ಮೆಟ್ಟಿಲು ಹತ್ತುತ್ತಿದ್ದ.