ಕರಿ ಮೂರರಲ್ಲಿ ಭೀಮಪಲಾಸ

ಸುಶ್ಮಿತಾ ಹಾರ್ಮೋನಿಯಂನ ನಾಲ್ಕನೆಯ ಕರಿ ಮನೆ ಒತ್ತಿ ಹಿಡಿದಿದ್ದಳು. ಲೋಹಿತ ತಬಲಾದ ಮೇಲೆ ಬೆರಳು ಬಿಟ್ಟ. ಎರಡೂ ಕೂಡಲಿಲ್ಲ. ತಬಲಾದ ದನಿ ಕೆಳಗೇ ನಿಂತಿತ್ತು.

ಹಾಡಲೆಂದು ಬಾಯಿ ತೆರೆದಿದ್ದ ವಾಣಿಶ್ರೀ ಹಾಗೇ ಮುಚ್ಚಿದಳು.

“ಇದು ನನ್ನ ಪಟ್ಟಿ ಅಲ್ಲ.”

“ಗೊತ್ತೈತ್ರಿ,” ಎಂದ ಲೋಹಿತ, ತಲೆ ಎತ್ತದೆ. “ಇದು ಕರಿ ಮೂರು. ಇವತ್ತೊಂದಿನ ಇದರಾಗ ಹಾಡಿ ನೋಡ್ರಿ. ಅದಕ್ಕಂತನ ದೊಡ್ಡ ಬಾಯಿ ತಬಲಾ ತಂದೇನಿ.”

ಕೋಣೆಯಲ್ಲಿ ತಮ್ಮ ಸರದಿಗೆ ಕಾಯುತ್ತ ಇನ್ನೂ ನಾಲ್ಕಾರು ಜನ ಕೂತಿದ್ದರು. ಎಲ್ಲರ ಕಿವಿಯೂ ಇತ್ತಲೇ ಇತ್ತು. ಯಾವ ಪಟ್ಟಿಯಲ್ಲಿ, ಅಂದರೆ ಹಾರ್ಮೋನಿಯಂನ ಯಾವ ಮನೆಯನ್ನು ಷಡ್ಜವಾಗಿ ಹಿಡಿದು, ಹಾಡಬೇಕೆಂದು ಹೇಳುವುದು ಹಾಡುವವರ ಹಕ್ಕು. ತಬಲಾದವರು ಅದನ್ನು ಕೇಳಿಕೊಂಡ ಮೇಲೆಯೇ ಸುತ್ತಿಗೆ ಹಿಡಿದು ಶ್ರುತಿ ಕೂಡಿಸಬೇಕು. ಗದಗಿನ ಆ ಸಂಗೀತ ಕಾಲೇಜಿನಲ್ಲಿ ಮೊನ್ನೆ ಸೇರಿದ ಹುಡುಗರಿಗೂ ಗೊತ್ತಿದ್ದ ರೀತಿ ಅದು. ಮೂರು ವರ್ಷ ಪಕ್ಕದಲ್ಲಿ ಕೂತು ಬಾರಿಸಿದವನಿಗೆ ಗೊತ್ತಿರಲಿಲ್ಲವೇ?

“ನನ್ನ ದನಿ ಇಳದೈತಿ ಅಂತ ಡಂಗುರ ಹೊಡ್ಯಾಕ ಬಂದೀರೇನ್ರಿ?”

“ಹಂಗಲ್ರಿ...”

“ನಾಳಿಂದ ತಬಲಾಕ್ಕ ಬೆಟಗೇರಿ ತಾರೀಖಗ ಬಾ ಅಂತೀನಿ. ನೀವು ಬರೂದು ಬ್ಯಾಡ.”

ಅವನು ಸುತ್ತಿಗೆ ಎತ್ತಿಟ್ಟ. ತಬಲಾಕ್ಕೆ ಗವಸು ಹಾಕಿದ. ಅದೂ ಅವಳಿಗೆ ಸಿಟ್ಟೇ ತರಿಸಿತು.

ವಾಣಿಶ್ರೀ ಮಾತುಮಾತಿಗೆ ಸಿಡುಕುವ ಹುಡುಗಿಯಲ್ಲ. ಆದರೆ ಮುಚ್ಚಿಟ್ಟುಕೊಂಡ ಜಾಗಕ್ಕೇ ಯಾರಾದರೂ ಕೈ ಹಾಕಿದರೆ ಎಂಥ ಸಮಾಧಾನಿಗೂ ತಾಳ್ಮೆ ತಪ್ಪುತ್ತದೆ. ದಸರಾ ರಜೆಯಲ್ಲಿ ಹುಬ್ಬಳ್ಳಿಯಲ್ಲಿ ಅವಳ ಕುತ್ತಿಗೆಯೊಳಗಿನ ಗಂಟೊಂದನ್ನು ತೆಗೆಸಿದ್ದರು. ಗಂಟು ಕೆಟ್ಟದ್ದಲ್ಲ, ಚಿಂತೆ ಬೇಡ ಎಂದ ಡಾಕ್ಟರು, ಮೇಲಿನ ದನಿ ಮಾತ್ರ ಮೊದಲಿನ ಹಾಗೆ ಬಂದೇ ಬರುತ್ತದೆ ಎಂದು ಹೇಳಲಾರೆ ಎಂದೂ ಹೇಳಿದ್ದರು. ಅವಳು ಕಾಲೇಜಿಗೆ ಬಂದು ಟೈಫಾಯಿಡ್ ಆಗಿತ್ತು ಎಂದಳು. ಗಾಯದ ಗುರುತು ಕಾಣದಂತೆ ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡಳು.

ಕರಿ ನಾಲ್ಕು ಎಂದರೆ ವಾಣಿಶ್ರೀ ಎಂಬಷ್ಟು ಆ ಪಟ್ಟಿ ಅವಳಿಗೆ ಅಂಟಿಕೊಂಡಿತ್ತು. ಅಷ್ಟು ಎತ್ತರದಲ್ಲಿ ಷಡ್ಜ ಹಿಡಿದು, ಅಲ್ಲಿಂದ ಮೇಲಿನ ಷಡ್ಜಕ್ಕೆ ಸಲೀಸಾಗಿ ಏರುವ ಹುಡುಗಿ ಕಾಲೇಜಿನಲ್ಲಿ ಇನ್ನೊಬ್ಬಳಿರಲಿಲ್ಲ. ಲಕ್ಷ್ಮೇಶ್ವರದ ಬಟ್ಟೆ ಅಂಗಡಿಯಲ್ಲಿ ಅವಳ ಅಪ್ಪ ಸೀರೆ ಹರವುತ್ತಲೇ, “ನಮ್ಮ ವಾಣಿ ಕರಿ ನಾಕರಾಗ ಹಾಡ್ತಾಳ” ಎನ್ನುತ್ತಿದ್ದರು. ಅದು ಸೀರೆಯ ಬಣ್ಣವೋ ಸೆರಗಿನ ಹೆಸರೋ ಗಿರಾಕಿಗೆ ತಿಳಿಯುತ್ತಿರಲಿಲ್ಲ. ಆದರೂ ಎಲ್ಲರೂ ತಲೆದೂಗುತ್ತಿದ್ದರು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು. ರ‍್ಯಾಂಕ್ ಇವಳದೇ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಮೇಲಿನ ಷಡ್ಜ ಉಳಿದರೆ ಹಾಡುವುದು, ಇಲ್ಲದಿದ್ದರೆ ಹಾಡನ್ನೇ ಬಿಟ್ಟು ಮನೆ ಸೇರುವುದು, ಇಳಿದ ಪಟ್ಟಿಯಲ್ಲಿ ಮಾತ್ರ ಯಾರ ಎದುರಿಗೂ ಕೂರುವುದಿಲ್ಲ ಎಂದು ಅವಳು ಒಳಗೊಳಗೇ ಗಟ್ಟಿ ಮಾಡಿಕೊಂಡಿದ್ದಳು.

ಆದರೂ ಆ ಸಂಜೆ ಲಕ್ಷ್ಮೇಶ್ವರದ ಬಸ್ಸಿನ ಕಿಟಕಿಗೆ ಒರಗಿ ಕೂತಾಗ ಅವಳಿಗೆ ನೆನಪಾದದ್ದು ಷಡ್ಜವಲ್ಲ, ಲೋಹಿತನ ಕಣ್ಣು.

ತಾಳ ಒಂದು ಸುತ್ತು ಮುಗಿಸಿ ಮೊದಲ ಮಾತ್ರೆಗೆ ಬಂದು ಸೇರುವ ಜಾಗಕ್ಕೆ ಸಮ್ ಎನ್ನುತ್ತಾರೆ. ಅಲ್ಲಿಗೆ ಬಂದಾಗ ಹಾಡುವವರೂ ತಬಲಾದವರೂ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ರೂಢಿ. ಆ ನೋಟಕ್ಕೆ ಯಾರೂ ಹೆಸರಿಡುವಂತಿಲ್ಲ. ಮೂರು ವರ್ಷ ಆ ರೂಢಿಯ ಮರೆಯಲ್ಲೇ ಇಬ್ಬರೂ ನೋಡಿಕೊಂಡಿದ್ದರು. ಅವನ ಕಣ್ಣು ಮೊದಲು ಅವಳ ಕೈಬೆರಳಿನ ಮೇಲಿರುತ್ತಿತ್ತು, ಆಮೇಲೆ ತುಟಿಯ ಅಂಚಿಗೆ ಬರುತ್ತಿತ್ತು, ಸಮ್ ಬಿದ್ದೊಡನೆ ಕಣ್ಣಿಗೆ. ಅವನು ಸಣ್ಣಗೆ ನಗುತ್ತಿದ್ದ. ಅವಳು ಕಂಡೂ ಕಾಣದಂತೆ ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದಳು. ಇಬ್ಬರಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ದಸರಾ ಆದ ಮೇಲೆ ಅವನ ಕೈಯೇ ಕೆಟ್ಟಿತ್ತು. ಅವಳು ಮೇಲೇರುವ ಹೊತ್ತಿಗೆ ಸರಿಯಾಗಿ ಬೋಲುಗಳನ್ನು ತುಂಬಿ ಜೋರಾಗಿ ಬಾರಿಸಿಬಿಡುತ್ತಿದ್ದ. ಗುರುಗಳಾದ ಚನ್ನಬಸವಣ್ಣನವರು ಎಲ್ಲರೆದುರು ಅವನನ್ನು ತರಾಟೆಗೆ ತೆಗೆದುಕೊಂಡಿದ್ದರು. “ಸಾಥ್ ಮಾಡಾಕ ಬಂದೀಯೋ, ನಿನ್ನ ಕಚೇರಿ ಮಾಡಾಕ ಬಂದೀಯೋ? ಆಕಿ ಹಾಡ ಕೇಳವಲ್ದು.” ಅವನು ಹೂಂ ಎಂದು ತಲೆ ತಗ್ಗಿಸಿದ್ದ. ಮರುದಿನ ಮತ್ತೆ ಅದೇ.

ಲೋಹಿತನನ್ನು ಬರಬೇಡವೆಂದ ಮಾರನೆಯ ದಿನ ಬೆಟಗೇರಿಯಿಂದ ತಾರೀಖ ಬಂದು ಕೂತ. ಅಚ್ಚುಕಟ್ಟಾದ ಕೈ. ಕರಿ ನಾಲ್ಕು ಎಂದರೆ ಕರಿ ನಾಲ್ಕು. ವಾಣಿಶ್ರೀ ಭೀಮಪಲಾಸ ಎತ್ತಿಕೊಂಡಳು. ಗಂಧಾರ, ಮಧ್ಯಮ, ಪಂಚಮ, ನಿಷಾದ. ತಾರೀಖನ ಠೇಕಾ, ತಾಳದ ಬರಿಯ ನಡೆ, ಗದ್ದಲವಿಲ್ಲದೆ ಸಾಗಿತ್ತು. ಅವಳು ಮೇಲಿನ ಷಡ್ಜಕ್ಕೆ ಹೋದಳು.

ದನಿ ಒಡೆಯಿತು. ಮುಚ್ಚಲು ಯಾವ ಸದ್ದೂ ಇರಲಿಲ್ಲ. ಒಡಕು ದನಿ ಕೋಣೆಯ ತುಂಬ ಕೇಳಿಸಿತು.

ಸುಶ್ಮಿತಾ ಹಾರ್ಮೋನಿಯಂ ನಿಲ್ಲಿಸಿ, “ನೀರು ಕುಡೀತಿಯೇನ?” ಎಂದಳು. ವಾಣಿಶ್ರೀಗೆ ಅದು ಕೇಳಲಿಲ್ಲ. ಈ ಒಡಕು ಇವತ್ತಿನದಲ್ಲ. ದಸರೆಯಿಂದ ದಿನವೂ ಒಡೆದಿದೆ. ಒಡೆಯುವ ಗಳಿಗೆಗೇ ಕಾದು ಒಬ್ಬನು ಅದರ ಮೇಲೆ ಸದ್ದು ಸುರಿದಿದ್ದಾನೆ. ಬೈಸಿಕೊಂಡಿದ್ದಾನೆ, ಒಂದು ಮಾತೂ ಆಡಿಲ್ಲ. ಪರೀಕ್ಷೆಯಲ್ಲಿ ಹಾಗೆ ಮುಚ್ಚಲು ಆಗುವುದಿಲ್ಲವೆಂದು ಹೊಳೆದಾಗ ದೊಡ್ಡ ತಬಲಾ ಹೊತ್ತು ತಂದಿದ್ದಾನೆ.

ಅವಳು ತಾರೀಖನಿಗೆ ಕೈ ಮುಗಿದು ಎದ್ದಳು. “ತಪ್ಪು ತಿಳೀಬ್ಯಾಡ್ರಿ, ತಾರೀಖ.”

“ನಾ ಯಾಕ ತಿಳೀಲಿ,” ಎಂದ ಅವನು. “ಲೋಹಿತ ಬಸ್‌ಸ್ಟ್ಯಾಂಡಿನ್ಯಾಗ ಅದಾನ. ಅವನೂರು ಕಳಸಾಪುರದ ಬಸ್ಸು ಇನ್ನೂ ಬಂದಿಲ್ಲ.”

ಲೋಹಿತ ಕಂಬಕ್ಕೆ ಒರಗಿ, ತಬಲಾ ಚೀಲ ಕಾಲ ನಡುವೆ ಇಟ್ಟುಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

“ನನ್ನ ದನಿ ಒಡದದ್ದು ಯಾವಾಗ ಗೊತ್ತಾತ್ರಿ?” ಎಂದಳು, ಪೀಠಿಕೆಯಿಲ್ಲದೆ.

“ನೀವು ಬಂದ ಮೊದಲನೇ ದಿನಾನ.”

“ಮತ್ತ ಯಾಕ ಕೇಳಲಿಲ್ಲ?”

“ನೀವು ಟೈಫಾಯಿಡ್ ಅಂದ್ರಿ. ನಾನೂ ಟೈಫಾಯಿಡ್ ಅಂತ ತಿಳಕೊಂಡೆ.” ಚೀಲ ಕಂಬಕ್ಕೆ ಒರಗಿಸಿದ. “ಪಟ್ಟಿ ಹೇಳೂದು ನಿಮ್ಮ ಮಾತು. ಕೇಳದ ಇಳಿಸಿದ್ದು ನನ್ನ ತಪ್ಪು. ಅದೂ ಎಲ್ಲಾರ ಮುಂದ. ಹೊಟ್ಟ್ಯಾಗ ಹಾಕ್ಕೋರಿ.”

ಅವಳು ದುಪಟ್ಟಾ ಸರಿಸಿ ಗಾಯದ ಗುರುತು ತೋರಿಸಿದಳು. ಮನೆಯವರನ್ನು ಬಿಟ್ಟರೆ ಅದನ್ನು ಕಂಡ ಮೊದಲಿಗ ಅವನು. ಅವನು ನೋಡಿದ. ಕಣ್ಣು ತೆಗೆಯಲಿಲ್ಲ, ಅಯ್ಯೋ ಎನ್ನಲಿಲ್ಲ.

“ನಂಗ ಹೆದರಿಕಿ ಆಗ್ತೈತಿ,” ಎಂದಳು. “ಕರಿ ನಾಕು ಹೋದ್ರ ನನ್ನ ಹಾಡು ಯಾರಿಗೆ ಬೇಕ್ರಿ?”

“ನಾನು ಮೂರು ವರ್ಷ ಬಂದು ಕೂತದ್ದು ಕರಿ ನಾಕರ ಸಲುವಾಗಿ ಅಲ್ಲ.”

“ಮತ್ತ?”

ಬಸ್ಸು ಬಂತು. ಜನ ನುಗ್ಗಿದರು. ಅವನು ಚೀಲ ಹೆಗಲಿಗೇರಿಸಿ, ಹೇಳಬೇಕಾದ್ದನ್ನು ನುಂಗಿ, “ಪರೀಕ್ಷಾಕ್ಕ ಎರಡೂ ತಬಲಾ ತರ್ತೀನಿ,” ಎಂದ. “ಯಾವುದು ಅನ್ನೂದು ನೀವ ಹೇಳ್ರಿ.”

ಪರೀಕ್ಷೆ ನಡುಮಧ್ಯಾಹ್ನ ಕಳೆದ ಮೇಲೆ ಇತ್ತು, ಭೀಮಪಲಾಸಕ್ಕೆ ಸರಿಯಾದ ಹೊತ್ತು. ಹೊರಗಿನಿಂದ ಬಂದ ಪರೀಕ್ಷಕರ ಪಕ್ಕದಲ್ಲಿ ಚನ್ನಬಸವಣ್ಣನವರು ಕೂತಿದ್ದರು. ಅವಳು ನಮಸ್ಕರಿಸಿ ಕೂರುವುದರೊಳಗೆ ಅವರೇ ಹೇಳಿಬಿಟ್ಟರು:

“ಇಕಿ ನಮ್ಮ ಕರಿ ನಾಕರ ಹುಡುಗಿರಿ ಸರ. ಕೇಳ್ರಿ.”

ಸುಶ್ಮಿತಾ ಬೆರಳು ಕರಿ ನಾಲ್ಕರ ಮೇಲಿಟ್ಟಳು. ಲೋಹಿತ ಮಾತ್ರ ಯಾವ ತಬಲಾವನ್ನೂ ಮುಂದಕ್ಕೆ ಎಳೆದುಕೊಳ್ಳಲಿಲ್ಲ. ಗುರುಗಳ ಮಾತು ಕಿವಿಗೆ ಬೀಳಲೇ ಇಲ್ಲ ಎಂಬಂತೆ ಅವಳ ಕಡೆ ತಿರುಗಿದ.

“ಯಾವ ಪಟ್ಟಿರಿ?”

ಗುರುಗಳ ಮಾತನ್ನು ಅವರೆದುರೇ ತೆಗೆದುಹಾಕುವುದು ಆ ಕಾಲೇಜಿನಲ್ಲಿ ಸಣ್ಣ ವಿಷಯವಲ್ಲ. ವಾಣಿಶ್ರೀಗೆ ಅಪ್ಪನ ಅಂಗಡಿ ಕಣ್ಣ ಮುಂದೆ ಬಂತು, ತಲೆದೂಗುವ ಗಿರಾಕಿಗಳು ಬಂದರು. ಸುಳ್ಳು ಹೇಳಿ ಹಾಡುವುದು ಇನ್ನು ತನ್ನಿಂದಾಗದು ಎನಿಸಿತು.

“ಕರಿ ಮೂರು,” ಎಂದಳು. “ಗುರುಗಳ, ನಂಗ ಗಂಟಲದ್ದು ಆಪರೇಷನ್ ಆಗೈತ್ರಿ. ನಿಮಗ ಹೇಳಿದ್ದಿಲ್ಲ.”

ಚನ್ನಬಸವಣ್ಣನವರ ಮುಖ ಸಪ್ಪಗಾಯಿತು. ಅವರು ಮೊದಲು ಅವಳನ್ನು ನೋಡಿದರು, ಆಮೇಲೆ ಲೋಹಿತನನ್ನು ಬಹಳ ಹೊತ್ತು ನೋಡಿದರು. “ಹಾಡವ್ವ,” ಎಂದರು.

ಹಾಡಿದಳು. ಕೆಳಗಿನ ಸ್ವರಗಳಲ್ಲಿ ಅವಸರವಿಲ್ಲದೆ ನಿಂತಳು. ಇಷ್ಟು ದಿನ ಮೇಲೇರುವ ಆತುರದಲ್ಲಿ ದಾಟಿಹೋಗುತ್ತಿದ್ದ ಮಧ್ಯಮದಲ್ಲಿ ಕೂತು ನೋಡಿದಳು, ಅಲ್ಲಿ ಇಷ್ಟು ದುಃಖ ಇದೆಯೆಂದು ಅವಳಿಗೆ ತಿಳಿದೇ ಇರಲಿಲ್ಲ. ಮೇಲಿನ ಷಡ್ಜ ಹತ್ತಿರ ಬಂದಾಗ ಲೋಹಿತ ಕೈ ಹಗುರ ಮಾಡಿದ. ಷಡ್ಜ ಸಣ್ಣದಾಗಿ ಬಂತು, ಅಂಚಿನಲ್ಲಿ ತುಸು ನಡುಗಿತು, ಒಡೆಯಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಗುರುಗಳು ಅವಳ ತಲೆಯ ಮೇಲೆ ಕೈ ಇಟ್ಟರು. “ರ‍್ಯಾಂಕ್ ಹೋತು ಅಂತ ತಿಳಕೋ. ಮ್ಯಾಲ ಜೋರು ಇಲ್ಲ,” ಎಂದರು. “ಆದ್ರ ಇಷ್ಟು ದಿನ ನಿನ್ನ ದನಿ ಕೇಳ್ತಿದ್ದೆ. ಇವತ್ತು ಭೀಮಪಲಾಸ ಕೇಳಿದೆ. ಹಾಡೂದು ಬಿಡಬ್ಯಾಡ.” ಇಷ್ಟು ಹೇಳಿ ಒಳಗೆ ಹೋದರು.

ಲೋಹಿತ ಸ್ವಲ್ಪ ದೂರದಲ್ಲಿ ನಿಂತಿದ್ದ. “ರ‍್ಯಾಂಕ್ ಹೋತಲ್ರಿ,” ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವಳ ಕಣ್ಣಲ್ಲಿ ಇರಲಿಲ್ಲ.

“ಹೋಗ್ಲಿ ಬಿಡ್ರಿ. ಒಂದು ಮಾತು ಕೇಳ್ಲಿ?”

“ಕೇಳ್ರಿ.”

“ಮುಂದ ನಾ ಎಲ್ಲಿ ಹಾಡಿದ್ರೂ ಸಾಥಿಗೆ ನೀವ ಬರ್ತೀರೇನು? ಈ ದನಿ ಇರೋತನಕ?”

ಅವನು ತಕ್ಷಣ ಹೂಂ ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ನಿಧಾನವಾಗಿ ತಲೆಯಾಡಿಸಿದ, ಇಲ್ಲವೆಂಬಂತೆ.

“ಅಷ್ಟು ಸಾಲಂಗಿಲ್ರಿ,” ಎಂದ ಲೋಹಿತ. “ದನಿ ಹೋದ ಮ್ಯಾಲೂ ಬೇಕು.”

ಅವಳಿಗೆ ಈಗ ಅಳು ಬಂತು. ತಡೆಯಲಿಲ್ಲ. ಲಕ್ಷ್ಮೇಶ್ವರದ ಅಂಗಡಿಯವರು ಕಳಸಾಪುರದ ಮನೆಗೆ ಮಗಳನ್ನು ಕೊಡಲು ಸುಲಭಕ್ಕೆ ಹೂಂ ಎನ್ನುವವರಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

“ಹಂಗಾದ್ರ ಐತವಾರ ನಮ್ಮ ಮನಿಗೆ ಬರ್ರಿ,” ಎಂದಳು, ಕಣ್ಣು ಒರೆಸಿಕೊಂಡು. “ಕರಿ ನಾಕರದ್ದು, ನಿಮ್ಮದು, ಅಪ್ಪಗ ಇವತ್ತ ಎರಡೂ ಸುದ್ದಿ ಹೇಳ್ತೀನಿ.”